ನಾನು ಕ್ಷಮಿಸಿದೆನಂತೆ

ನಾನು ಕ್ಷಮಿಸಿದ್ದೇನೆ ಎಂಬ ಸುದ್ದಿ ನನಗೆ ತಿಳಿದದ್ದು ಶಿರಸಿ ಪೇಟೆಯ ತರಕಾರಿ ಅಂಗಡಿಯೊಂದರ ಮುಂದೆ. ಸೌತೆಕಾಯಿ ಆರಿಸುತ್ತ ನಿಂತಿದ್ದೆ. ಮುಖಪರಿಚಯದ ಹೆಂಗಸೊಬ್ಬರು ಬಂದು ಮೊಣಕೈ ಹಿಡಿದುಕೊಂಡು, “ನಿಮ್ಮ ಮನಸ್ಸು ದೊಡ್ಡದು ಅಕ್ಕೋರೆ. ನನ್ನ ಹತ್ರ ಆಗ್ತಿರ್ಲಿಲ್ಲ” ಎಂದರು. ಏನು ಎಂದು ಕೇಳಿದರೆ, “ಅದೇ, ಇವತ್ತಿನ ಪೇಪರಲ್ಲಿ ಬಂದಿದ್ಯಲ್ಲ, ನೀವು ಕ್ಷಮಿಸಿದ್ದು” ಎಂದು ಕಣ್ಣಂಚು ಒರೆಸಿಕೊಂಡು ಹೊರಟುಹೋದರು. ಸೌತೆಕಾಯಿ ಅಲ್ಲೇ ಬಿಟ್ಟು ಪೇಪರು ಕೊಂಡೆ.

ಭಾನುವಾರದ ಪುಟದಲ್ಲಿ ನನ್ನ ಗೆಳತಿಯ ಅಂಕಣವಿತ್ತು. ಅವಳದೇ ಫೋಟೋ, ಗಲ್ಲಕ್ಕೆ ಕೈಕೊಟ್ಟ ನಗು. ಕ್ಷಮೆ ಎಂದರೆ ಹೆಗಲ ಮೇಲಿನ ಹೊರೆ ಇಳಿಸಿದ ಹಾಗೆ ಎಂದು ಶುರುವಾಗಿ, ಮೂರನೆಯ ಪ್ಯಾರಾದಲ್ಲಿ ನಾನು ಬಂದಿದ್ದೆ. ಹೆಸರಿಲ್ಲ. ‘ಹಿಂದೊಮ್ಮೆ ಇದೇ ಅಂಕಣದಲ್ಲಿ ನಾನು ಬರೆದ ಗೆಳತಿ ನೆನಪಿರಬಹುದು. ಪವರ್ ಇಲ್ಲದ ಕನ್ನಡಕದ ಹಿಂದೆ ಗಂಡನ ನೋವನ್ನು ಬಚ್ಚಿಟ್ಟವಳು. ನನ್ನ ಬರಹದಿಂದ ಅವಳಿಗೆ ಬೇಸರವಾಗಿತ್ತು. ಒಂದು ಬೆಳಿಗ್ಗೆ ಬಸ್ಸಿನಲ್ಲಿ ಅವಳು ನನ್ನ ಕೈ ಹಿಡಿದು, ನಿನ್ನನ್ನು ಕ್ಷಮಿಸಿದ್ದೇನೆ ಕಣೇ, ನೀನು ನಮ್ಮ ಮನೆಯ ಕಿಟಕಿ ತೆರೆದೆ ಎಂದಳು. ಇಬ್ಬರೂ ಅತ್ತೆವು.’

ನಾನು ಅತ್ತಿಲ್ಲ. ಕೈ ಹಿಡಿದಿಲ್ಲ. ಆ ಹೊತ್ತಿಗೆ ಅವಳ ಜೊತೆ ಬಸ್ಸು ಹತ್ತುವುದನ್ನೇ ಬಿಟ್ಟು ಬಹಳ ಕಾಲವಾಗಿತ್ತು. ಮತ್ತು ನನ್ನ ಬಾಯಿಂದ ‘ಕಣೇ’ ಎಂಬ ಮಾತು ಹುಟ್ಟಿದಂದಿನಿಂದ ಹೊರಟಿಲ್ಲ, ನಮ್ಮ ಕಡೆ ಯಾರೂ ಹಾಗೆ ಮಾತಾಡುವುದಿಲ್ಲ. ಕ್ಷಮಿಸುವುದು ಬಿಡುವುದು ನನಗೆ ಬಿಟ್ಟ ವಿಷಯ. ನನ್ನ ಹೆಸರಿನಲ್ಲಿ ನನ್ನ ಪರವಾಗಿ ತನಗೆ ತಾನೇ ಕ್ಷಮೆ ಕೊಟ್ಟುಕೊಳ್ಳಲು ಇವಳು ಯಾರು? ಪೇಪರನ್ನು ಸಣ್ಣಗೆ ಮಡಚಿ ಚೀಲಕ್ಕೆ ತುರುಕಿ ಮನೆಗೆ ಬಂದೆ. ಗಂಡನಿಗೆ ತೋರಿಸಲಿಲ್ಲ.

ನಾನು ಗಣಿತದ ಅಕ್ಕೋರು. ನಮ್ಮ ಕಡೆ ಶಾಲೆಯಲ್ಲಿ ಕಲಿಸುವ ಗಂಡಸು ಮಾಸ್ತರು, ಹೆಂಗಸು ಅಕ್ಕೋರು. ಮನೆ ಶಿರಸಿಯಲ್ಲಿ, ಶಾಲೆ ಸಿದ್ದಾಪುರದಲ್ಲಿ. ಅವಳು ಅದೇ ಶಾಲೆಯ ಸಮಾಜದ ಅಕ್ಕೋರು, ನನಗಿಂತ ಸ್ವಲ್ಪ ದೊಡ್ಡವಳು. ವರ್ಷಗಟ್ಟಲೆ ನಾವಿಬ್ಬರೂ ಒಂದೇ ಬಸ್ಸಿನಲ್ಲಿ, ಸಾಧ್ಯವಾದರೆ ಒಂದೇ ಸೀಟಿನಲ್ಲಿ ಹೋಗಿ ಬಂದವರು. ಕಿಟಕಿ ಯಾವಾಗಲೂ ಅವಳಿಗೆ. ಅವಳಿಗೆ ಗಾಳಿ ಬೇಕು, ನನಗೆ ಮಾತು ಬೇಕು. ಕೇಳುವುದರಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ತಲೆ ತುಸು ವಾರೆ ಮಾಡಿ, ಕಣ್ಣು ನಮ್ಮ ಮುಖದ ಮೇಲೇ ಇಟ್ಟು, ನಡುನಡುವೆ “ಹ್ಞೂಂ, ಮತ್ತೆ?” ಅನ್ನುತ್ತಿದ್ದಳು. ಅತ್ತೆಮನೆ, ತವರುಮನೆ, ಹೆಡ್‌ಮಾಸ್ತರ ಕಿರಿಕಿರಿ, ಎಲ್ಲವೂ ಆ ‘ಮತ್ತೆ’ಯ ಗುಂಡಿಗೆ ಬಿದ್ದವು. ಇಂಥ ಗೆಳತಿ ಸಿಕ್ಕಿದ್ದು ಪುಣ್ಯ ಎಂದುಕೊಂಡಿದ್ದೆ.

ನನ್ನ ಗಂಡ ಮೋಟಾರ್ ವೈಂಡಿಂಗ್ ಮಾಡುವವರು. ಸುಟ್ಟುಹೋದ ಪಂಪಿನ ಮೋಟಾರು ಬಿಚ್ಚಿ, ಕರಕಲಾದ ತಂತಿ ತೆಗೆದು, ಹೊಸ ತಾಮ್ರದ ತಂತಿ ಸುತ್ತುವ ಕೆಲಸ. ಯಲ್ಲಾಪುರ ರಸ್ತೆಯಲ್ಲಿ ಅವರದೂ ಅವರ ಪಾಲುದಾರನದೂ ಸೇರಿ ಒಂದು ಅಂಗಡಿ. ಪಾಲುದಾರ ಯಲ್ಲಾಪುರದ ಸಾಬರು, ಸಾಮಾನು ತರುವುದು, ಗಿರಾಕಿ ನೋಡುವುದು ಅವರ ಪಾಲು. ಸುತ್ತುವುದು ಇವರ ಪಾಲು. ಒಂದು ವರ್ಷ ಮಳೆಗಾಲ ಮುಗಿದ ಮೇಲೆ ಇವರ ಕೈ ನಿಂತುಹೋಯಿತು. ತಂತಿ ಹಿಡಿದುಕೊಂಡು ಹಾಗೇ ಕೂತಿರುತ್ತಿದ್ದರು. ಊಟ ಸೇರದು, ನಿದ್ದೆ ಬಾರದು, ಕರೆದರೆ ದೂರದಿಂದ ಬಂದವರಂತೆ ತಿರುಗಿ ನೋಡುವುದು. ನಾನು ಹುಬ್ಬಳ್ಳಿಯ ಮನೋವೈದ್ಯರೊಬ್ಬರ ಹತ್ತಿರ ಕರೆದುಕೊಂಡು ಹೋದೆ. ಮಾತ್ರೆ ಕೊಟ್ಟರು, ತಿಂಗಳಿಗೊಮ್ಮೆ ಬಂದು ಮಾತಾಡಿ ಹೋಗಿ ಎಂದರು.

ಹುಬ್ಬಳ್ಳಿಗೆ ಯಾಕೆ ಹೋಗಿದ್ದಿರಿ ಎಂದು ಕೇಳದ ಮನುಷ್ಯ ಶಿರಸಿಯಲ್ಲಿಲ್ಲ. ಕಣ್ಣಿನ ಡಾಕ್ಟರ ಹತ್ತಿರ ಎಂದು ಹೇಳಿಬಿಟ್ಟೆವು. ಎರಡನೆಯ ಸಲವೂ ಕಣ್ಣು, ಮೂರನೆಯ ಸಲವೂ ಕಣ್ಣು. ಇಷ್ಟು ಕಣ್ಣು ತೋರಿಸಿದ ಮನುಷ್ಯನ ಮುಖದ ಮೇಲೆ ಕನ್ನಡಕವಿಲ್ಲದಿದ್ದರೆ ಹೇಗೆ? ಹುಬ್ಬಳ್ಳಿಯಲ್ಲೇ ಒಂದು ಕನ್ನಡಕ ಕೊಂಡೆವು, ಪವರ್ ಇಲ್ಲದ ಬರೇ ಗಾಜಿನದು. ಇವರು ಅದನ್ನು ಎಷ್ಟು ಗಂಭೀರವಾಗಿ ಹಾಕಿಕೊಂಡರೆಂದರೆ, ದಿನಾ ಬೆಳಿಗ್ಗೆ ಪಂಚೆಯ ತುದಿಯಿಂದ ಒರೆಸಿ, ಬೆಳಕಿಗೆ ಹಿಡಿದು ನೋಡಿ, ಮೂಗಿಗೇರಿಸುತ್ತಿದ್ದರು. ಯಾರಾದರೂ ಕೇಳಿದರೆ, “ಈಗ ಅಡ್ಡಿಲ್ಲೆ, ಚೊಲೋ ಕಾಣ್ತು” ಎನ್ನುತ್ತಿದ್ದರು. ಆಮೇಲೆ ಒಳಗೆ ಬಂದು ನನ್ನ ಮುಖ ನೋಡಿ ನಗುತ್ತಿದ್ದರು. ಅಷ್ಟು ತಿಂಗಳಲ್ಲಿ ಅವರು ನಕ್ಕದ್ದು ಆ ಕನ್ನಡಕದ ದೆಸೆಯಿಂದ. ನಿಧಾನವಾಗಿ ಕೈ ಮತ್ತೆ ಸುತ್ತತೊಡಗಿತು.

ಅವರು ಚೇತರಿಸಿಕೊಂಡ ಖುಷಿಯಲ್ಲೇ ನಾನು ಬಾಯಿಬಿಟ್ಟೆ. ಕಾನಸೂರು ದಾಟಿದ ಮೇಲೆ ಬಸ್ಸಿನ ಟಯರು ಪಂಚರಾಗಿ ಎಲ್ಲರನ್ನೂ ಇಳಿಸಿದ್ದರು. ರಸ್ತೆ ಬದಿಯ ಮರದ ಕೆಳಗೆ ನಾನೂ ಅವಳೂ ನಿಂತಿದ್ದೆವು. ನನ್ನ ಗಂಡ ಬೆಳಿಗ್ಗೆ ಹಾಡು ಗುನುಗಿದರು ಎಂದು ಹೇಳಹೋಗಿ, ಹುಬ್ಬಳ್ಳಿ, ಮಾತ್ರೆ, ಕನ್ನಡಕ, ಎಲ್ಲ ಹೇಳಿಬಿಟ್ಟೆ. ಅವಳು ನನ್ನ ಎರಡೂ ಕೈ ಹಿಡಿದುಕೊಂಡಳು.

“ಎನ್ನ ಹೊಟ್ಟೆಲೇ ಇರ್ತು, ಹೆದರಡ” ಎಂದಳು.

ಅವಳ ಹೊಟ್ಟೆಯಲ್ಲಿ ಅದು ಮಳೆಗಾಲದವರೆಗೂ ಉಳಿಯಲಿಲ್ಲ. ಆಗಷ್ಟೇ ಪತ್ರಿಕೆಯಲ್ಲಿ ಅವಳ ಅಂಕಣ ಶುರುವಾಗಿತ್ತು. ಮನಸ್ಸಿನ ಕಾಯಿಲೆಗೆ ನಾಚಿಕೆ ಬೇಡ ಎಂದು ಬರೆದಿದ್ದಳು. ಮಾತು ತಪ್ಪಲ್ಲ, ನಾಚಿಕೆ ಬೇಡವೇ ಬೇಡ. ಆದರೆ ಅದನ್ನು ಹೇಳುವುದಕ್ಕೆ ನನ್ನ ಗಂಡನೇ ಬೇಕಿತ್ತೆ? ಹೆಸರು ಹಾಕಿರಲಿಲ್ಲ, ಆ ಉಪಕಾರ ಮಾಡಿದ್ದಳು. ‘ತಾಮ್ರದ ತಂತಿಯ ಜೊತೆ ಬದುಕುವ ಒಬ್ಬ ಸಂಕೋಚದ ಮನುಷ್ಯ’ ಎಂದು ಬರೆದು, ಹುಬ್ಬಳ್ಳಿ ಬರೆದು, ಪವರ್ ಇಲ್ಲದ ಕನ್ನಡಕ ಬರೆದಳು. ಇಡೀ ಶಿರಸಿಗೆ ಮೋಟಾರು ಸುತ್ತುವವರು ಎಷ್ಟು ಮಂದಿ, ಅವರಲ್ಲಿ ಹೊಸದಾಗಿ ಕನ್ನಡಕ ಹಾಕಿದವರು ಎಷ್ಟು ಮಂದಿ? ಈ ಲೆಕ್ಕಕ್ಕೆ ಗಣಿತದ ಅಕ್ಕೋರು ಬೇಡ.

ಆ ವಾರವೇ ಎಕ್ಕಂಬಿ ಕಡೆಯ ರೈತರೊಬ್ಬರು ಪಂಪು ತಂದು ಅಂಗಡಿಯಲ್ಲಿ ಕೂತಿದ್ದರಂತೆ. ಕೆಟ್ಟ ಮನುಷ್ಯನಲ್ಲ. ತಮಾಷೆಗೆ, “ಎಲ್ಲಿ, ಆ ಚಸ್ಮಾ ಇತ್ತ ಕೊಡ್ರಿ ನೋಡೂಣು” ಎಂದು ಇಸಿದುಕೊಂಡು ತಾನು ಹಾಕಿ, ರಸ್ತೆ ಕಡೆ ನೋಡಿ, “ಹೌದಲ್ರೀ! ಬರೇ ಗಾಜು!” ಎಂದು ಕೂಗಿದರಂತೆ. ಪಕ್ಕದ ಅಂಗಡಿಯವರು ನಕ್ಕರು. ನನ್ನ ಗಂಡನೂ ನಕ್ಕರು. ನಕ್ಕು, ಕನ್ನಡಕ ವಾಪಸು ಇಸಿದುಕೊಂಡು ಜೇಬಿಗಿಟ್ಟು, ಮಧ್ಯಾಹ್ನದ ಊಟಕ್ಕೆ ಮನೆಗೆ ಬಂದವರು ಮತ್ತೆ ಅಂಗಡಿಗೆ ಹೋಗಲಿಲ್ಲ.

ಹುಬ್ಬಳ್ಳಿಗೂ ಹೋಗಲಿಲ್ಲ. ಕೈಕಾಲು ಹಿಡಿದು ಬೇಡಿಕೊಂಡೆ. “ಈಗ ಎಂತಕ್ಕೆ? ಊರಿಗೆಲ್ಲ ಗೊತ್ತಾತಲೆ” ಎಂದರು. ಮಾತ್ರೆಯನ್ನಾದರೂ ತೆಗೆದುಕೊಳ್ಳಿ ಎಂದು ದಿನಾ ನೀರಿನ ಲೋಟ ಹಿಡಿದು ಎದುರು ನಿಲ್ಲುವುದು ನನ್ನ ಕೆಲಸವಾಯಿತು. ಗೇಟಿನ ಸದ್ದಾದರೆ ಸಾಕು, ಜಗಲಿಯಿಂದ ಎದ್ದು ಹಿಂದಿನ ಕೋಣೆಗೆ ಹೋಗಿಬಿಡುತ್ತಿದ್ದರು. ನಮ್ಮಲ್ಲಿ ಮನೆಗೆ ಬಂದವರಿಗೆ ಮೊದಲು ಮನೆಯ ಗಂಡಸು ಎದುರು ಬಂದು ಆಸರಿಗೆ ಏನು ಬೇಕು, ಅಂದರೆ ಕುಡಿಯಲು ಏನು ಕೊಡಲಿ ಎಂದು ಕೇಳುವುದು ಪದ್ಧತಿ. ಇವರು ಅದನ್ನು ಎಂದೂ ತಪ್ಪಿಸಿದವರಲ್ಲ. ಈಗ ಬಂದವರನ್ನು ನಾನೇ ವಿಚಾರಿಸಬೇಕು, ಅವರೆಲ್ಲಿ ಎಂದು ಕೇಳಿದರೆ ನಾನೇ ಸುಳ್ಳು ಹೇಳಬೇಕು. ನನಗೆ ಬೇಕಾಗಿದ್ದುದು ಒಂದೇ. ಅವರು ಮತ್ತೆ ಜಗಲಿಗೆ ಬಂದು, ಆಸರಿಗೆ ಎಂತ ಎಂದು ಕೇಳಬೇಕು.

ಬಂದವರು ಬರಿಗೈಲಿ ಬರುತ್ತಿರಲಿಲ್ಲ. ಮೊದಲಾದರೆ ಬಾಳೆಹಣ್ಣು ತರುತ್ತಿದ್ದರು. ಈಗ ಪುಸ್ತಕ ತಂದರು. ಸಂತೋಷವಾಗಿರುವುದು ಹೇಗೆ, ಚಿಂತೆ ಬಿಡುವುದು ಹೇಗೆ, ದಾಂಪತ್ಯದಲ್ಲಿ ನಗುವುದು ಹೇಗೆ. ಎಲ್ಲದರ ಮುಖಪುಟದ ಮೇಲೂ ಸೂರ್ಯ ಹುಟ್ಟುತ್ತಿದ್ದ. ನಾನು ಒಂದನ್ನೂ ಬಿಡದೆ ಓದಿದೆ, ಕೆಂಪು ಪೆನ್ನು ಹಿಡಿದೇ ಓದಿದೆ. ಪರೀಕ್ಷೆಯಲ್ಲಿ ಪಕ್ಕದವನನ್ನು ನೋಡಿ ಬರೆಯುವ ಹುಡುಗರ ಉತ್ತರಪತ್ರಿಕೆಯ ಹಾಗಿದ್ದವು ಅವು. ಕೊನೆಯ ಸಾಲಿನಲ್ಲಿ ಉತ್ತರವಿದೆ, ಅಲ್ಲಿಗೆ ಬಂದ ಹಂತಗಳಿಲ್ಲ. ‘ನಕಾರಾತ್ಮಕ ಯೋಚನೆಗಳನ್ನು ಹೊರಗೆ ಕಳಿಸಿ.’ ಸರಿ, ಕಳಿಸಿದೆ. ಯಾವ ಬಸ್ಸಿಗೆ? ನಾನಾಗಿದ್ದರೆ ಇಂಥ ಉತ್ತರಕ್ಕೆ ಒಂದು ಅಂಕ ಕೊಟ್ಟು ಕೆಳಗೆ ಎರಡು ಗೆರೆ ಎಳೆಯುತ್ತಿದ್ದೆ. ಪುಸ್ತಕಗಳೆಲ್ಲ ಕೊನೆಗೆ ಗ್ರೈಂಡರಿನ ಕುಂಟು ಕಾಲಿನ ಕೆಳಗೆ ಸೇರಿದವು. ಅಲ್ಲಿ ಅವು ನಿಜಕ್ಕೂ ಉಪಕಾರ ಮಾಡಿದವು.

ಪಾಲುದಾರರೊಬ್ಬರೇ ಪುಸ್ತಕ ತರಲಿಲ್ಲ. ಅವರು ಸುಟ್ಟ ಮೋಟಾರು ತಂದು ಹಿತ್ತಿಲ ಬಾಗಿಲಲ್ಲಿ ಇಳಿಸಿ, “ಅಕ್ಕೋರೆ, ಅಂಗಡೀಲಿ ಜಾಗ ಇಲ್ಲ, ಇಲ್ಲೇ ಇರ್ಲಿ” ಎಂದು ಹೋಗಿಬಿಡುತ್ತಿದ್ದರು. ಇವರು ಎರಡು ದಿನ ಅದನ್ನು ನೋಡುತ್ತ ಕೂತು, ಮೂರನೆಯ ದಿನ ಬಿಚ್ಚುತ್ತಿದ್ದರು. ಮುಂದಿನ ವಾರ ಅವರು ಬಂದು, ಸುತ್ತಿದ್ದನ್ನು ಒಯ್ದು ಸುಟ್ಟದ್ದನ್ನು ಇಟ್ಟು ಹೋಗುತ್ತಿದ್ದರು. ಆ ಮನುಷ್ಯನ ಹೊಟ್ಟೆ ತಣ್ಣಗಿರಲಿ.

ನಾನು ಗೆಳತಿಯ ಜೊತೆ ಜಗಳವಾಡಲಿಲ್ಲ. ಬೀದಿಗೆ ನಿಂತು ಬೈದರೆ, ಗೊತ್ತಿಲ್ಲದವರಿಗೂ ಗೊತ್ತಾಗುತ್ತದೆ. ಬೆಳಗಿನ ಮೊದಲ ಬಸ್ಸು ಹಿಡಿದು ಹೋಗತೊಡಗಿದೆ. ಸ್ಟಾಫ್ ರೂಮಿನಲ್ಲಿ ಅವಳು ಮಾತಾಡಿಸಿದರೆ ಉತ್ತರ ಕೊಡುತ್ತಿದ್ದೆ, ಚಾಕ್‌ಪೀಸು ಕೇಳಿದರೆ ಕೊಡುತ್ತಿದ್ದೆ. ಜಗಳವಿಲ್ಲ ಎಂದರೆ ಕ್ಷಮೆ ಎಂದು ಅವಳು ಬರೆದುಕೊಂಡಳು. ನನ್ನ ಸಿಟ್ಟಿಗೆ ಬೂದಿ ಮುಚ್ಚಿತ್ತು, ಅಷ್ಟೇ. ಆ ಭಾನುವಾರದ ಅಂಕಣ ಓದಿದ ಮೇಲೆ ಆ ಬೂದಿಯೂ ಹಾರಿಹೋಯಿತು.

ಅದಾಗಿ ಕೆಲವು ದಿನಕ್ಕೆ ಗೇಟಿನ ಸದ್ದಾಯಿತು. ಗಂಡ ಎದ್ದು ಒಳಗೆ ಹೋದರು. ಬಂದವಳು ಅವಳೇ. ಕೈಯಲ್ಲಿ ಸೇಬುಹಣ್ಣಿನ ಪೊಟ್ಟಣ, ಸ್ಪೈರಲ್ ಹಾಕಿಸಿದ ಜೆರಾಕ್ಸ್ ಪ್ರತಿ. ಅಂಕಣಗಳೆಲ್ಲ ಸೇರಿ ಪುಸ್ತಕವಾಗುತ್ತಿದೆಯಂತೆ. ಬಿಡುಗಡೆ ಶಿರಸಿಯಲ್ಲೇ, ಒಂದು ಭಾನುವಾರ.

“ಕೃತಿ ಪರಿಚಯ ನೀನೇ ಮಾಡವು. ಬೇರೆ ಯಾರೂ ಬ್ಯಾಡ ಎಂಗೆ” ಎಂದಳು.

ನಮ್ಮ ಕಡೆ ಪುಸ್ತಕ ಬಿಡುಗಡೆ ಎಂದರೆ ಒಂದು ಕ್ರಮವಿದೆ. ಪ್ರಾರ್ಥನೆ, ಸ್ವಾಗತ, ಹಾರ, ಶಾಲು, ಬಣ್ಣದ ಕಾಗದದಲ್ಲಿ ಸುತ್ತಿದ ಪುಸ್ತಕದ ಕಟ್ಟಿನ ರಿಬ್ಬನ್ ಬಿಚ್ಚುವುದು. ಆಮೇಲೆ ಒಬ್ಬರು ಎದ್ದು ಕೃತಿ ಪರಿಚಯ ಮಾಡುತ್ತಾರೆ. ಅವರು ಪುಸ್ತಕವನ್ನು ಹೊಗಳುತ್ತಾರೆ, ಎಲ್ಲರೂ ಕೊಂಡು ಓದಿ ಎನ್ನುತ್ತಾರೆ, ಕೂರುತ್ತಾರೆ. ಆ ಜಾಗದಲ್ಲಿ ನಿಂತು ಪುಸ್ತಕದ ವಿರುದ್ಧ ಮಾತಾಡಿದವರನ್ನು ನಾನು ಕಂಡಿಲ್ಲ. ಅವಳೂ ಕಂಡಿರಲಿಲ್ಲ. ಮೈಕಿನ ಮುಂದೆ ನಿಂತರೆ ನಾನೂ ಹೊಗಳುತ್ತೇನೆ, ಹೊಗಳಿದರೆ ಕ್ಷಮಿಸಿದ್ದು ಊರಿನ ಎದುರು ಖಾತ್ರಿಯಾಗುತ್ತದೆ. ಅವಳ ಲೆಕ್ಕ ಸರಿಯಾಗಿಯೇ ಇತ್ತು. ಹೊಗಳಬೇಕಾದ ಪುಟಗಳಿಗೆ ಹಳದಿ ಚೀಟಿಯನ್ನೂ ಅಂಟಿಸಿ ತಂದಿದ್ದಳು.

“ಅಡ್ಡಿಲ್ಲೆ” ಎಂದೆ.

ಪ್ರತಿ ಅಧ್ಯಾಯದ ಕೊನೆಗೂ ಒಂದು ಚೌಕ, ಅದರೊಳಗೆ ಈ ವಾರ ಮಾಡಬೇಕಾದ ಅಭ್ಯಾಸ. ಕ್ಷಮೆಯ ಅಧ್ಯಾಯದ ಅಭ್ಯಾಸ ಹೀಗಿತ್ತು: ನಿಮ್ಮನ್ನು ನೋಯಿಸಿದವರ ಹೆಸರನ್ನು ಕಾಗದದ ಮೇಲೆ ಬರೆದು, ಬೆಂಕಿಗೆ ಹಾಕಿ, ಉಸಿರು ಬಿಡಿ. ಮಾಡಿಯೇ ನೋಡೋಣ ಎಂದು ಬಚ್ಚಲಿನ ಒಲೆಗೆ ಅವಳ ಹೆಸರು ಹಾಕಿದೆ. ಉಸಿರು ಬಿಟ್ಟೆ. ಹಂಡೆಯ ನೀರು ಚೆನ್ನಾಗಿ ಕಾಯಿತು. ನನ್ನ ತಲೆ ಅದಕ್ಕಿಂತ ಚೆನ್ನಾಗಿ ಕಾಯಿತು.

ಕೇಳುವ ಕಲೆ ಎಂಬ ಅಧ್ಯಾಯವನ್ನು ಮಾತ್ರ ಎರಡು ಸಲ ಓದಿದೆ. ‘ಎದುರಿನವರು ಮಾತಾಡುವಾಗ ತಲೆಯನ್ನು ತುಸು ವಾಲಿಸಿ. ಅವರ ಮುಖದಿಂದ ಕಣ್ಣು ತೆಗೆಯಬೇಡಿ. ನಡುವೆ ನಿಮ್ಮ ವಿಷಯ ತರಬೇಡಿ. ಮತ್ತೆ ಎಂದು ಕೇಳುತ್ತಿರಿ, ಅವರು ತೆರೆದುಕೊಳ್ಳುತ್ತಾರೆ.’ ನಾನು ಪ್ರೀತಿ ಎಂದುಕೊಂಡದ್ದು ಅವಳಿಗೆ ಅಭ್ಯಾಸವಾಗಿತ್ತು.

ಆಗ ನಾನು ಒಂದು ನಿರ್ಧಾರ ಮಾಡಿದೆ. ಅವಳು ನನಗೆ ಮಾಡಿದ್ದನ್ನು ಅವಳಿಗೆ ಮಾಡುವುದು. ಬಸ್ಸಿನಲ್ಲಿ ಅವಳು ನನಗೆ ಹೇಳಿದ ಗುಟ್ಟೊಂದನ್ನು ತೆಗೆದು, ಹೆಸರು ಹಾಕದೆ, ಉದಾಹರಣೆಯಾಗಿ ವೇದಿಕೆಯ ಮೇಲೆ ಹೇಳಿಬಿಡುವುದು. ಯಾವ ಗುಟ್ಟು ಎಂದು ಯೋಚಿಸುತ್ತ ಕೂತೆ. ಅವಳ ಗಂಡನ ಬಗ್ಗೆ ಏನು ಹೇಳಿದ್ದಳು? ಬ್ಯಾಂಕಿನಲ್ಲಿದ್ದಾನೆ ಎಂದು. ಮಗಳ ಬಗ್ಗೆ? ಚೆನ್ನಾಗಿ ಓದುತ್ತಾಳೆ ಎಂದು. ಅತ್ತೆಯ ಬಗ್ಗೆ? ನೆನಪಾಗಲಿಲ್ಲ. ಪಾತ್ರೆ ತೊಳೆಯುವಾಗ ಯೋಚಿಸಿದೆ, ಬಸ್ಸಿನಲ್ಲಿ ಯೋಚಿಸಿದೆ, ಹುಡುಗರಿಗೆ ಲೆಕ್ಕ ಕೊಟ್ಟು ಕಿಟಕಿಯ ಹತ್ತಿರ ನಿಂತು ಯೋಚಿಸಿದೆ. ಅಷ್ಟು ವರ್ಷ ಒಂದೇ ಸೀಟಿನಲ್ಲಿ ಕೂತು ಅವಳು ನನಗೆ ಒಂದೇ ಒಂದು ಮನೆಯ ಮಾತು ಹೇಳಿರಲಿಲ್ಲ. ನನ್ನದೆಲ್ಲ ಅವಳ ಹತ್ತಿರ ಇತ್ತು, ಅವಳದು ಅಂತ ನನ್ನ ಹತ್ತಿರ ಒಂದು ಚೂರೂ ಇರಲಿಲ್ಲ. ಕನ್ನಡಕದ ಅಂಕಣ ಬಂದ ದಿನ ನಾನು ಇಷ್ಟು ಅತ್ತಿರಲಿಲ್ಲ. ಗೆಳತಿ ಕೈಕೊಟ್ಟಳು ಎಂದು ಆಗ ಅತ್ತಿದ್ದೆ, ಗೆಳತಿಯೇ ಇರಲಿಲ್ಲ ಎಂದು ಈಗ ಅತ್ತೆ.

ಅತ್ತು ಮುಗಿದ ಮೇಲೆ ಮುಖ ತೊಳೆದುಕೊಂಡೆ. ಗುಟ್ಟು ಇಲ್ಲದಿದ್ದರೇನಂತೆ ಎನ್ನಿಸಿತು.

ಗಂಡನಿಗೆ ಭಾಷಣದ ವಿಷಯ ಹೇಳಲೇಬೇಕಾಯಿತು. ಅವರು ಹಿತ್ತಿಲಲ್ಲಿ ಮೋಟಾರಿನ ಮುಂದೆ ಕೂತಿದ್ದರು. ತಲೆಯೆತ್ತದೆ ಕೇಳಿ, “ಎನ್ನ ಸುದ್ದಿ ಅಲ್ಲಿ ತೆಗೆಯಡ” ಎಂದರು. ತೆಗೆಯುವುದಿಲ್ಲ ಎಂದು ಮಾತು ಕೊಟ್ಟೆ.

ಆ ಭಾನುವಾರ ಸಭಾಭವನ ತುಂಬಿತ್ತು. ಬಾಗಿಲಲ್ಲಿ ಅವಲಕ್ಕಿ, ಚಾ. ಸಿದ್ದಾಪುರದಿಂದ ಶಾಲೆಯವರೆಲ್ಲ ಬಂದಿದ್ದರು, ಯಲ್ಲಾಪುರದಿಂದ ಒಬ್ಬ ಅತಿಥಿ. ಅವಳು ಹೊಸ ರೇಷ್ಮೆ ಸೀರೆಯುಟ್ಟು ವೇದಿಕೆಯ ನಡುವೆ ಕೂತಿದ್ದಳು. ನನ್ನ ಪರಿಚಯ ಹೇಳಿದ ನಿರೂಪಕಿ, ‘ಲೇಖಕಿಯ ಆತ್ಮೀಯ ಗೆಳತಿ, ಈ ಪುಸ್ತಕದ ಜೀವಂತ ಸಾಕ್ಷಿ’ ಎಂದಳು. ಯಾರು ಬರೆದುಕೊಟ್ಟಿದ್ದರೋ. ಜನ ಚಪ್ಪಾಳೆ ತಟ್ಟಿದರು.

ಮೊದಲು ಹೊಗಳಿದೆ. ಮುಖಪುಟ ಚೆನ್ನಾಗಿದೆ, ಅಕ್ಷರ ದೊಡ್ಡದಿದೆ, ವಯಸ್ಸಾದವರೂ ಓದಬಹುದು. ಅವಳು ಒಪ್ಪಿಗೆಯಿಂದ ತಲೆಯಾಡಿಸುತ್ತಿದ್ದಳು. ಆಮೇಲೆ ಹೇಳಿದೆ: “ಕ್ಷಮೆಯ ಅಧ್ಯಾಯದಲ್ಲಿ ಗೆಳತಿಯೊಬ್ಬಳು ಬಸ್ಸಿನಲ್ಲಿ ಲೇಖಕಿಯ ಕೈ ಹಿಡಿದು ಕ್ಷಮಿಸಿದಳು ಎಂದಿದೆ. ಆ ಗೆಳತಿಯನ್ನು ನಾನು ಬಲ್ಲೆ. ಅವಳು ಕ್ಷಮಿಸಿಲ್ಲ. ಮುಂದಿನ ಮುದ್ರಣದಲ್ಲಿ ತಿದ್ದಿಕೊಂಡರೆ ಒಳ್ಳೆಯದು.”

ಸಭೆಯಲ್ಲಿ ಯಾರೋ ಕೆಮ್ಮಿದರು. ನಾನು ಮುಂದುವರಿದೆ.

“ಈ ಪುಸ್ತಕದ ದೊಡ್ಡ ಶಕ್ತಿ ಉದಾಹರಣೆಗಳು. ಲೇಖಕಿ ಯಾರ ಹೆಸರೂ ಹೇಳುವುದಿಲ್ಲ, ಆದರೆ ಮನುಷ್ಯರು ಕಣ್ಣ ಮುಂದೆ ಬಂದು ನಿಲ್ಲುತ್ತಾರೆ. ಅವರ ವಿಧಾನವನ್ನೇ ಅನುಸರಿಸಿ ನಾನೂ ಒಂದು ಉದಾಹರಣೆ ಕೊಡುತ್ತೇನೆ. ನನಗೊಬ್ಬ ಗೆಳತಿ ಇದ್ದಾಳೆ. ಹೆಸರು ಬೇಡ. ಅವಳೂ ಶಿರಸಿಯಿಂದ ಸಿದ್ದಾಪುರಕ್ಕೆ ಬಸ್ಸಿನಲ್ಲಿ ಹೋಗುವವಳು. ಅವಳಿಗೆ ಯಾವಾಗಲೂ ಕಿಟಕಿಯೇ ಬೇಕು. ನೀಲಿ ಬಣ್ಣದ ನೀರಿನ ಬಾಟಲಿ. ಬೇರೆಯವರು ಮಾತಾಡುವಾಗ ತಲೆ ಹೀಗೆ ವಾರೆ ಮಾಡಿ ಕೇಳುತ್ತಾಳೆ.” ನಾನು ತಲೆ ವಾರೆ ಮಾಡಿ ತೋರಿಸಿದೆ. ಮುಂದಿನ ಸಾಲಿನಲ್ಲಿದ್ದ ನಮ್ಮ ಹೆಡ್‌ಮಾಸ್ತರು ನನ್ನನ್ನು ಬಿಟ್ಟು ಅವಳನ್ನು ನೋಡಿದರು. ಆಮೇಲೆ ಎಲ್ಲರೂ ಅವಳನ್ನೇ ನೋಡತೊಡಗಿದರು.

“ಒಂದು ದಿನ ಕಾನಸೂರು ದಾಟಿದ ಮೇಲೆ ಬಸ್ಸು ಪಂಚರಾಯಿತು. ನಾವಿಬ್ಬರೂ ಮರದ ಕೆಳಗೆ ನಿಂತಿದ್ದೆವು. ಆಗ ಅವಳು ತನ್ನ ಮನೆಯ ಒಂದು ವಿಷಯ ನನಗೆ ಹೇಳಿದಳು. ಯಾರಿಗೂ ಹೇಳಬೇಡ ಎಂದಳು.”

ಅವಳು ಹಾರದ ಹೂವೊಂದನ್ನು ಬೆರಳಲ್ಲಿ ಹಿಸುಕುತ್ತಿದ್ದಳು. ನಾನು ಸುಳ್ಳು ಹೇಳುತ್ತಿದ್ದೆ, ನಾಲಿಗೆ ಒಂದಿಷ್ಟೂ ತೊದಲಲಿಲ್ಲ. ಆ ನಿಮಿಷವನ್ನು ನಾನು ಎಷ್ಟು ಸವಿದೆ ಎಂದು ಮುಚ್ಚಿಡುವುದಿಲ್ಲ. ಹಬ್ಬದ ಊಟದಷ್ಟು ಸವಿದೆ.

“ಅವಳು ಹೇಳಿದ್ದೇನು ಎಂದು ನಾನು ಹೇಳುವುದಿಲ್ಲ. ಇಂದಿಗೂ ಹೇಳಿಲ್ಲ, ಮುಂದೆಯೂ ಹೇಳುವುದಿಲ್ಲ. ನನ್ನ ಉದಾಹರಣೆ ಇಷ್ಟೇ. ಪುಸ್ತಕವನ್ನು ಎಲ್ಲರೂ ಕೊಂಡು ಓದಿ. ನಮಸ್ಕಾರ.”

ಕ್ರಮದಂತೆ ಚಪ್ಪಾಳೆ ಬೀಳಬೇಕಿತ್ತು. ಎರಡು ಕಡೆ ಶುರುವಾಗಿ ನಿಂತುಹೋಯಿತು. ಅವಲಕ್ಕಿ ತಿನ್ನದೆ ಮನೆಗೆ ನಡೆದೆ.

ಗಂಡ ಅಡುಗೆಮನೆಯ ಬಾಗಿಲಲ್ಲಿ ಕಾಯುತ್ತಿದ್ದರು. ನಡೆದದ್ದನ್ನೆಲ್ಲ ಹೇಳಿದೆ.

“ಅವಳು ನಿಂಗೆ ಎಂತದೂ ಹೇಳಿದ್ದಿಲ್ಲೆ ಅಲ್ದ?”

“ಇಲ್ಲೆ.”

“ಹಂಗಾರೆ ಸುಳ್ಳಾತು.”

“ನಿಂಗಳ ಕನ್ನಡಕದಷ್ಟೇ ಸುಳ್ಳು” ಎಂದೆ.

ಅವರು ನನ್ನ ಮುಖ ನೋಡಿದರು. ನಗಲಿಲ್ಲ, ಆದರೆ ತುಟಿಯ ಒಂದು ತುದಿ ಸ್ವಲ್ಪ ಅಲುಗಿತು. ಆಮೇಲೆ ಹಿತ್ತಿಲಿಗೆ ಹೋಗಿ ಕೆಲಸಕ್ಕೆ ಕೂತರು.

ಊರು ತನ್ನ ಕೆಲಸ ತಾನು ಮಾಡಿತು. ಅವಳ ಗಂಡನಿಗೆ ಬೇರೆ ಸಂಸಾರ ಇದೆಯಂತೆ ಎಂದು ಒಬ್ಬರು. ಅವಳ ಡಿಗ್ರಿಯೇ ಸರಿಯಿಲ್ಲವಂತೆ ಎಂದು ಇನ್ನೊಬ್ಬರು. ಅವಳೇ ಯಾವುದೋ ಮಾತ್ರೆ ತಿನ್ನುತ್ತಾಳಂತೆ ಎಂದು ಮತ್ತೊಬ್ಬರು. ತರಕಾರಿ ಅಂಗಡಿಯಲ್ಲಿ ಮೊಣಕೈ ಹಿಡಿದಿದ್ದ ಹೆಂಗಸು ಮತ್ತೆ ಸಿಕ್ಕಿ, “ನನಗೆ ಮಾತ್ರ ಹ್ಞೂಂ ಅಥವಾ ಊಹ್ಞೂಂ ಅನ್ನಿ ಸಾಕು” ಎಂದರು. ನಾನು ಹ್ಞೂಂ ಅನ್ನಲಿಲ್ಲ, ಊಹ್ಞೂಂ ಅನ್ನಲಿಲ್ಲ. ಸ್ಟಾಫ್ ರೂಮಿನಲ್ಲಿ ನಾನು ಒಳಗೆ ಹೋದರೆ ಮಾತು ನಿಲ್ಲುತ್ತಿತ್ತು. ಅವಳ ಅಂಕಣಕ್ಕೆ ಹೆದರುತ್ತಿದ್ದ ಹಾಗೆ ನನ್ನ ಬಾಯಿಗೂ ಜನ ಹೆದರತೊಡಗಿದ್ದರು. ಆಗಲಿ ಎಂದುಕೊಂಡೆ. ಅವಳ ಅಂಕಣ ಎರಡು ವಾರ ಬರಲಿಲ್ಲ. ಬಂದ ಮೇಲೆ ಸೂರ್ಯನಮಸ್ಕಾರದ ಬಗ್ಗೆ ಬರೆದಳು, ಉದಾಹರಣೆ ಇರಲಿಲ್ಲ.

ಒಂದು ಸಂಜೆ ಮತ್ತೆ ಗೇಟಿನ ಸದ್ದಾಯಿತು. ಗಂಡ ಎದ್ದು ಒಳಗೆ ಹೋದರು. ಅವಳು ಈ ಸಲ ಬರಿಗೈಲಿ ಬಂದಿದ್ದಳು. ಜಗಲಿಯ ಅಂಚಿನಲ್ಲಿ ಕೂತಳು, ತಲೆ ವಾರೆ ಇರಲಿಲ್ಲ, ಕಣ್ಣು ನೆಲದ ಮೇಲಿತ್ತು.

“ಆನು ನಿಂಗೆ ಎಂತ ಹೇಳಿದ್ದಿ?” ಎಂದಳು.

ತಾನು ಹೇಳಿದ್ದೇನು ಎಂದು ನನ್ನನ್ನೇ ಕೇಳುತ್ತಿದ್ದಳು.

“ಪಂಚರ್ ಆದ ದಿನ ನೀನು ಮಾತಾಡಿದ್ದು ನೆನಪಿದ್ದು. ಆನು ಮಾತಾಡಿದ್ದು ನೆನಪಿಲ್ಲೆ. ಎಷ್ಟು ಯೋಚ್ನೆ ಮಾಡಿದ್ರೂ ಸಿಕ್ತಿಲ್ಲೆ. ಮನೆಲಿ ಕೇಳ್ತ, ಎಂತ ಹೇಳ್ದೆ ಹೇಳಿ ದಿನಾ ಕೇಳ್ತ. ಹೇಳು ಮಾರಾಯ್ತಿ. ಅತ್ತೆ ಸುದ್ದಿಯಾ? ಎನ್ನ ಅಪ್ಪಂದಾ?”

ಎಷ್ಟೋ ವರ್ಷದಲ್ಲಿ ಮೊದಲ ಸಲ ಅವಳು ತನ್ನ ಮನೆಯ ಬಾಗಿಲು ತಾನೇ ತೆರೆಯುತ್ತಿದ್ದಳು. ನಾನು ತಲೆಯನ್ನು ತುಸು ವಾರೆ ಮಾಡಿದೆ. “ಹ್ಞೂಂ, ಮತ್ತೆ?” ಎಂದೆ.

ಅವಳು ತಟ್ಟನೆ ತಲೆಯೆತ್ತಿದಳು. “ಎಂತ ಹೇಳಿದ್ದಿ ಹೇಳಿ ಒಂದು ಸಲ ಹೇಳಿಬಿಡು. ಎಂಗೆ ನಿದ್ದೆ ಬತ್ತಿಲ್ಲೆ” ಎಂದಳು. ನಿದ್ದೆ ಬಾರದಿದ್ದರೆ ಮಾಡಬೇಕಾದ ಅಭ್ಯಾಸ ಅವಳ ಪುಸ್ತಕದ ನಡುವೆ ಎಲ್ಲೋ ಇತ್ತು.

ಆಗ ಹಿಂದಿನ ಕೋಣೆಯ ಬಾಗಿಲು ತೆರೆದ ಸದ್ದಾಯಿತು. ನನ್ನ ಗಂಡ ಒಬ್ಬರ ಕಣ್ಣೀರು ನೋಡುವವರಲ್ಲ. ಈಗ ಬಂದು ನಿಜ ಹೇಳಿಬಿಡುತ್ತಾರೆ, ನೀವು ಎಂತದೂ ಹೇಳಿದ್ದಿಲ್ಲೆ ಎಂದು ಸಮಾಧಾನ ಮಾಡಿ ಕಳಿಸುತ್ತಾರೆ, ನಾನು ಗಳಿಸಿದ್ದೆಲ್ಲ ಹೋಯಿತು ಎಂದುಕೊಂಡೆ.

ಅವರು ಜಗಲಿಗೆ ಬಂದರು. ಅಂಗಿ ಹಾಕಿಕೊಂಡು, ತಲೆ ಬಾಚಿಕೊಂಡು ಬಂದಿದ್ದರು. ಮೂಗಿನ ಮೇಲೆ ಆ ಕನ್ನಡಕವಿತ್ತು. ಅಂಗಡಿ ಬಿಟ್ಟ ದಿನದಿಂದ ನಾನು ಅದನ್ನು ಕಂಡಿರಲಿಲ್ಲ. ಅವಳು ಅದನ್ನೇ ನೋಡುತ್ತ ಎದ್ದು ನಿಂತಳು.

“ನಿಂಗಳಾದ್ರೂ ಹೇಳಿ. ನಿಂಗಕ್ಕೆ ಇವಳು ಹೇಳಿರ್ತು” ಎಂದಳು.

ಅವರು ಕನ್ನಡಕ ತೆಗೆದು, ಪಂಚೆಯ ತುದಿಯಿಂದ ನಿಧಾನವಾಗಿ ಒರೆಸಿ, ಸಂಜೆಯ ಬೆಳಕಿಗೆ ಹಿಡಿದು ನೋಡಿ, ಮತ್ತೆ ಹಾಕಿಕೊಂಡರು.

“ಹೌದು, ಎಂಗೂ ಗೊತ್ತಿದ್ದು” ಎಂದರು. “ಆದ್ರೆ ಎಂಗ ಯಾರಿಗೂ ಹೇಳದಿಲ್ಲೆ. ನಿಂಗ ಹೆದರಡಿ.”

ಅವಳು ಅವರ ಮುಖವನ್ನೂ ನನ್ನ ಮುಖವನ್ನೂ ನೋಡಿದಳು. ಅವರು ಒಂದು ಹೆಜ್ಜೆ ಮುಂದೆ ಬಂದು ಮಣೆ ಸರಿಸಿದರು.

“ಕೂತ್ಗಳಿ. ಆಸರಿಗೆ ಎಂತ ಅಕ್ಕು? ಮಜ್ಜಿಗೆಯೋ, ಚಾವೋ?”

ಅವಳು ಏನನ್ನೂ ಕುಡಿಯದೆ ಹೊರಟಳು. ಗೇಟಿನವರೆಗೂ ಕಳಿಸಿಕೊಡಲು ಅವರೇ ಹೋದರು. ಅವಳು ತಿರುವಿನಲ್ಲಿ ಮರೆಯಾದ ಮೇಲೂ ಕನ್ನಡಕ ಹಾಕಿಕೊಂಡು ರಸ್ತೆ ನೋಡುತ್ತ ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದರು. ಎದುರುಮನೆಯವರು ಹೇಗಿದ್ದೀರಿ ಎಂದು ಕೂಗಿ ಕೇಳಿದರು. ಅಡ್ಡಿಲ್ಲೆ ಎಂದರು.